ಅವಳು ಸೇರಿಸದೆ ಬಿಟ್ಟ ಸಾಲು

ನದಿಗಳ ನೀರಿನ ಮಟ್ಟ ಅಳೆದು ದಾಖಲಿಸುವ ಆ ಕಚೇರಿಯ ಕಂಪ್ಯೂಟರುಗಳೆಲ್ಲ ಒಬ್ಬನ ಸುಪರ್ದಿಯಲ್ಲಿದ್ದವು. ಎದುರಿಗೆ ಎಲ್ಲರೂ ಅವನನ್ನು ಸರ್ ಎನ್ನುತ್ತಿದ್ದರು, ಬೆನ್ನ ಹಿಂದೆ ದೊರೆ. ಮನೆಯಲ್ಲಿ ಹೆಂಡತಿ ಅವನಿಗೆ ಬಲ್ಬು ಬದಲಿಸಲೂ ಬಿಡುತ್ತಿರಲಿಲ್ಲ. ಒಮ್ಮೆ ಬಿಟ್ಟಿದ್ದಕ್ಕೆ ಇಡೀ ಮನೆ ಎರಡು ದಿನ ಕತ್ತಲಲ್ಲಿ ಕೂತಿತ್ತು. ಅದಕ್ಕೇ ಇರಬೇಕು, ಕಚೇರಿಯ ಹೊಸ್ತಿಲು ದಾಟಿದ ಕೂಡಲೇ ಅವನ ಎದೆ ಎರಡಿಂಚು ಉಬ್ಬುತ್ತಿತ್ತು.

ಹೊಸಬರು ಬಂದಾಗ ಅವರ ಶೆಲ್ ಸಿದ್ಧಮಾಡಿಕೊಡುವುದು ಅವನ ಕೆಲಸ. ಶೆಲ್ ಅಂದರೆ ಕಮಾಂಡು ಟೈಪ್ ಮಾಡುವ ಕಪ್ಪು ಪರದೆ. ಅದು ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಒಂದು ಕಾನ್ಫಿಗ್ ಫೈಲಿನಲ್ಲಿ ಸಾಲು ಸಾಲಾಗಿ ಬರೆದಿಡಬೇಕು. ಬೇರೆ ಯಾರಾದರೂ ಆಗಿದ್ದರೆ ಪಕ್ಕದಲ್ಲಿ ಕೂತು ಒಂದೊಂದು ಸಾಲಿನ ಅರ್ಥ ಹೇಳುತ್ತಿದ್ದರೇನೋ. ದೊರೆಗೆಲ್ಲಿ ಅಷ್ಟು ಪುರುಸೊತ್ತು? ನಲವತ್ತೊಂದು ಸಾಲಿನ ತನ್ನದೇ ಫೈಲನ್ನು ಎಲ್ಲರ ಮುಂದೆ ಎಸೆಯುತ್ತಿದ್ದ.

"ಕಣ್ಮುಚ್ಚಿ ಕಾಪಿ ಮಾಡಿ. ತಲೆ ಓಡಿಸ್ಬೇಡಿ. ಇಲ್ದಿರೋದನ್ನ ಎಲ್ಲಿಂದ ಓಡಿಸ್ತೀರಾ?"

ಎಲ್ಲರೂ ಹಾಗೇ ಮಾಡುತ್ತಿದ್ದರು. ಆಮೇಲೆ ಒಂದು ದೀಕ್ಷೆ ಇರುತ್ತಿತ್ತು. ಹೊಸಬರು ಸೀಟು ಬಿಟ್ಟು ಎದ್ದ ಹೊತ್ತು ನೋಡಿ ದೊರೆ ಅವರ ಕೆಲಸದ ಫೋಲ್ಡರನ್ನು ಅಳಿಸಿಬಿಡುತ್ತಿದ್ದ. ಅವರು ವಾಪಸು ಬಂದು ಬಾಯಿ ಬಾಯಿ ಬಡಿದುಕೊಳ್ಳುವಾಗ ಆಕಳಿಸುತ್ತ ಬಂದು, ಎರಡೇ ಕಮಾಂಡಿನಲ್ಲಿ ಎಲ್ಲವನ್ನೂ ಮರಳಿ ತಂದುಕೊಡುತ್ತಿದ್ದ. ಗುಟ್ಟು ಇಷ್ಟೇ: ಅವನ ಫೈಲಿನ ಮೂವತ್ತನೆಯ ಸಾಲು ಇದ್ದಲ್ಲಿ ಅಳಿಸುವ ಕಮಾಂಡು ಏನನ್ನೂ ಅಳಿಸುತ್ತಿರಲಿಲ್ಲ, ತೆಪ್ಪಗೆ ಒಂದು ಕಸದ ಬುಟ್ಟಿಗೆ ಸರಿಸುತ್ತಿತ್ತು. ಅಂದಿನಿಂದ ಹೊಸಬರು ಅವನೆದುರು ಕೈಕಟ್ಟಿ ನಿಲ್ಲುತ್ತಿದ್ದರು. ಇದನ್ನವನು ತರಬೇತಿ ಎಂದು ಕರೆಯುತ್ತಿದ್ದ, ನಾಚಿಕೆಗೆಟ್ಟವನು.

ಹೀಗಿರುವಾಗ ನಕ್ಷೆಯಕ್ಕ ಬಂದಳು. ಇಪ್ಪತ್ತೆರಡು ವರ್ಷ ಪೆನ್ನು ಸ್ಕೇಲು ಹಿಡಿದು ನದಿಗಳ ಏರಿಳಿತದ ನಕ್ಷೆ ಬರೆದವಳು. ಕೈಬರಹದ ವಿಭಾಗ ಮುಚ್ಚಿದಾಗ ಕಚೇರಿಯ ಮುಖ್ಯಸ್ಥೆ ಆಕೆಗೆ ಮೂರು ವಾರ ಕೊಟ್ಟಿದ್ದರು. ಅಷ್ಟರಲ್ಲಿ ಹಳೆಯ ರಿಜಿಸ್ಟರುಗಳ ಅಳತೆಗಳನ್ನು ಕಂಪ್ಯೂಟರಿಗೆ ಏರಿಸಿ ತೋರಿಸಿದರೆ ಇಲ್ಲೇ ಕೆಲಸ. ಇಲ್ಲವಾದರೆ ನಿವೃತ್ತಿಯವರೆಗೆ ನೆಲಮಾಳಿಗೆಯ ಗೋದಾಮು, ಕಿಟಕಿಯಿಲ್ಲದ ಕೋಣೆಯಲ್ಲಿ ಕಾಗದದ ಕಟ್ಟು ಕಟ್ಟುವುದು.

ಮೊದಲ ದಿನವೇ ಆಕೆ ನೋಟ್‌ಬುಕ್ಕು ಬಿಚ್ಚಿ ಕೂತಳು. "ಸರ್, ಈ ಏಳನೇ ಸಾಲು ಏನ್ ಮಾಡುತ್ತೆ?"

"ನೀವು ಹೊಡೆದ ಪ್ರತಿ ಕಮಾಂಡನ್ನೂ ಟೈಮ್ ಸಮೇತ ಬರೆದಿಡುತ್ತೆ."

"ಓ, ನಮ್ಮ ರಿಜಿಸ್ಟರ್ ಥರಾನೇ." ಆಕೆ ಬರೆದುಕೊಂಡಳು. "ಎಂಟನೇದು?"

"ಅಕ್ಕಾ, ನಿಮಗೆ ಪಾಠ ಹೇಳ್ಕೊಂಡು ಕೂತ್ರೆ ನಾನಿಲ್ಲೇ ರಿಟೈರ್ ಆಗ್ಬೇಕಾಗುತ್ತೆ. ಸುಮ್ನೆ ಹಾಕ್ಕೊಳ್ಳಿ."

ಸಂಜೆ ಅತ್ತ ಹಾಯುವಾಗ ಕೇಳಿದ, "ಹಾಕ್ಕೊಂಡ್ರಾ?"

"ಅರ್ಥ ಆದಷ್ಟು ಹಾಕ್ಕೊಂಡಿದೀನಿ ಸರ್."

ಹಾಕ್ಕೊಂಡಿದೀನಿ ಎನ್ನುವುದಷ್ಟೇ ಅವನ ಕಿವಿಗೆ ಬಿತ್ತು. ಇಂಥವರ ಮಾತನ್ನು ಪೂರ್ತಿ ಕೇಳುವುದು ದಂಡ ಎಂದು ಅವನ ಲೆಕ್ಕ.

ಆಕೆ ಎರಡೇ ಬೆರಳಿನಲ್ಲಿ ಟಕ್ ಟಕ್ ಎಂದು ಟೈಪ್ ಮಾಡುತ್ತಿದ್ದಳು. "ಮೆಲ್ಲಗೆ ಅಕ್ಕಾ, ಕೀಬೋರ್ಡಿಗೆ ನೋವಾದೀತು," ಎನ್ನುತ್ತಿದ್ದ ದೊರೆ. ಸುತ್ತಲಿನವರು ಹಲ್ಲು ಕಿರಿಯುತ್ತಿದ್ದರು. ಆಕೆ ತಲೆ ಎತ್ತುತ್ತಿರಲಿಲ್ಲ. ಮೂರು ವಾರ ಮುಗಿಯುವ ಹೊತ್ತಿಗೆ ಎಂಟೂ ನದಿಗಳ ಅಳತೆ ಏರಿಸಿ ಆಗಿತ್ತು, ಓದಿ ಮುಗಿದ ರಿಜಿಸ್ಟರುಗಳು ಗೋದಾಮು ಸೇರಿದ್ದವು.

ಕೊನೆಯ ದಿನ ಮಧ್ಯಾಹ್ನ ಮೂರಕ್ಕೆ ಮುಖ್ಯಸ್ಥೆ ಆಕೆಯನ್ನು ತಮ್ಮ ಕೋಣೆಗೆ ಕರೆದರು, ನಾಲ್ಕಕ್ಕೆ ಏನೇನು ತೋರಿಸಬೇಕು ಎಂದು ಮಾತಾಡಲು. ದೊರೆ ಕಾದಿದ್ದೇ ಅದಕ್ಕೆ. ಮುಖ್ಯಸ್ಥೆಯ ಎದುರಿಗೇ ಈಕೆ ಗೋಳಾಡಬೇಕು, ಅವರ ಎದುರಿಗೇ ತಾನು ಕಾಪಾಡಬೇಕು. ಆಹಾ! ಉಳಿದವರು ಚಹಾಕ್ಕೆ ಎದ್ದ ಹೊತ್ತು ನೋಡಿ ಆಕೆಯ ಕುರ್ಚಿಯಲ್ಲಿ ಕೂತ, ಫೋಲ್ಡರನ್ನು ಅಳಿಸಿದ. ಎಲ್ಲ ಸರಿಯಾಗಿದೆಯೇ ನೋಡೋಣವೆಂದು ಕಸದ ಬುಟ್ಟಿ ತೆರೆಯುವ ಕಮಾಂಡು ಹೊಡೆದ.

ಅಂಥ ಬುಟ್ಟಿಯೇ ಇಲ್ಲ ಎಂದಿತು ಪರದೆ.

ಇನ್ನೊಮ್ಮೆ ಹೊಡೆದ. ಇಲ್ಲ. ಆಕೆಯ ಕಾನ್ಫಿಗ್ ಫೈಲು ತೆರೆದ. ನಲವತ್ತೊಂದಲ್ಲ, ಹತ್ತೊಂಬತ್ತೇ ಸಾಲು. ಅರ್ಥವಾಗದ ಒಂದನ್ನೂ ಆ ಹೆಂಗಸು ಹಾಕಿಕೊಂಡಿರಲಿಲ್ಲ. ಬ್ಯಾಕಪ್? ದಿನಾ ಯಾರ ಫೈಲುಗಳ ನಕಲು ತೆಗೆದಿಡಬೇಕೋ ಆ ಪಟ್ಟಿಗೆ ಹೆಸರು ಸೇರಿಸಬೇಕಾದವನೂ ಅವನೇ. ಗೋದಾಮಿಗೆ ಹೋಗುವವಳಿಗೇಕೆ ಬ್ಯಾಕಪ್ ಎಂದು ಬಿಟ್ಟಿದ್ದ. ಪರದೆ ಒರೆಸಿದಂತೆ ಖಾಲಿ ಮಾಡಿ, ಕಳ್ಳ ಬೆಕ್ಕಿನ ಹಾಗೆ ತನ್ನ ಸೀಟಿಗೆ ಬಂದು ಕೂತ.

ನಾಲ್ಕಕ್ಕೆ ಮುಖ್ಯಸ್ಥೆ ಬಂದು ನಿಂತರು. ನಕ್ಷೆಯಕ್ಕ ಎರಡು ಸಲ ಹುಡುಕಿದಳು.

"ಫೋಲ್ಡರ್ ಇಲ್ಲ ಮೇಡಂ. ಮೂರು ಗಂಟೆಗೆ ಇತ್ತು."

ನಾನು ಮಾಡಿದ್ದು ಎಂದು ಒಂದು ಮಾತು ಹೇಳಬಹುದಿತ್ತು. ದೊರೆ ಹೇಳಿದ್ದು ಬೇರೆ. "ನಾನು ಮೊದಲೇ ಅಂದಿದ್ದೆ ಮೇಡಂ, ಇಂಥವರ ಕೈಗೆ ಕಂಪ್ಯೂಟರ್ ಕೊಡ್ಬೇಡಿ ಅಂತ. ಏನೋ ಒತ್ತಿ ಅಳಿಸ್ಕೊಂಡಿರ್ತಾರೆ. ಗೋದಾಮೇ ಸರಿ ಇವರಿಗೆ."

ನಕ್ಷೆಯಕ್ಕ ಅವನತ್ತ ತಿರುಗಲಿಲ್ಲ. ನೋಟ್‌ಬುಕ್ಕಿನ ಮೊದಲ ಪುಟ ತೆಗೆದು, ಏಳನೇ ಸಾಲಿನ ಮುಂದೆ ಬರೆದುಕೊಂಡಿದ್ದನ್ನು ನೋಡಿ, ಎರಡು ಬೆರಳಿನಲ್ಲಿ ಒಂದು ಪದ ಟೈಪ್ ಮಾಡಿದಳು. ಹೊಡೆದ ಕಮಾಂಡುಗಳೆಲ್ಲ ಟೈಮ್ ಸಮೇತ ಸಾಲಾಗಿ ನಿಂತವು.

"ಮೂರು ಹತ್ತು. ಅಳಿಸಿದ್ದು," ಎಂದು ಓದಿದಳು.

"ಮೂರು ಹತ್ತಕ್ಕೆ ನೀವು ನನ್ನ ರೂಮಲ್ಲಿದ್ರಿ," ಎಂದರು ಮುಖ್ಯಸ್ಥೆ.

"ಮೂರು ಹನ್ನೊಂದು. ಅದ್ಯಾವುದೋ ಕಸದ ಬುಟ್ಟಿ ತೆಗೆಯೋಕೆ ನೋಡಿದ್ದಾರೆ. ಮೂರು ಹನ್ನೆರಡು. ಮತ್ತೆ ಅದೇ."

ದೊರೆಯ ದೀಕ್ಷೆಯಲ್ಲಿ ಆ ಬುಟ್ಟಿಯ ರುಚಿ ಕಂಡವರು ಆ ಕೋಣೆಯಲ್ಲಿ ಒಂಬತ್ತು ಜನ ಇದ್ದರು. ಒಂಬತ್ತೂ ತಲೆಗಳು ದೊರೆಯ ಕಡೆ ತಿರುಗಿದವು. ಯಾರೋ ಕಿಸಕ್ಕೆಂದರು.

"ಬ್ಯಾಕಪ್ ತೆಗೀರಿ," ಎಂದರು ಮುಖ್ಯಸ್ಥೆ. ದೊರೆ ಕತ್ತು ಕೆರೆದುಕೊಂಡ. ಅವರಿಗೆ ಅಷ್ಟು ಸಾಕಾಯಿತು. "ಅಕ್ಕ ಇಲ್ಲೇ ಇರ್ತಾರೆ. ಅಳತೆಗಳನ್ನ ಮತ್ತೆ ಏರಿಸೋದು ನೀವು, ಪೂರ್ತಿ ಎಂಟೂ ನದಿ. ರಿಜಿಸ್ಟರ್ ಎಲ್ಲಿದೆಯೋ ಅಲ್ಲೇ ಕೂತು."

ಮರುದಿನ ಬೆಳಿಗ್ಗೆ ದೊರೆ ಲ್ಯಾಪ್‌ಟಾಪ್ ಎದೆಗವಚಿಕೊಂಡು ನೆಲಮಾಳಿಗೆಯ ಮೆಟ್ಟಿಲಿಳಿದ. ಯಾವ ಕಟ್ಟಿನಲ್ಲಿ ಯಾವ ನದಿ ಎಂದು ಅವನಿಗೆ ಗೊತ್ತಿರಲಿಲ್ಲ, ಅದಕ್ಕೆ ನಕ್ಷೆಯಕ್ಕ ಜೊತೆಗೆ ಬಂದಿದ್ದಳು. ಗೋದಾಮು ಗವ್ವೆನ್ನುತ್ತಿತ್ತು. ಅವನು ಸ್ವಿಚ್ಚು ತಡಕಾಡಿದ.

"ಬಲ್ಬ್ ಹೋಗಿದೆ, ನಾನು ಹಾಕ್ತೀನಿ," ಎಂದು ಆಕೆ ಸ್ಟೂಲು ಎಳೆದಳು. "ನೀನು ಅಲ್ಲೇ ಕೂತಿರು ತಮ್ಮಾ. ಏನೂ ಮುಟ್ಬೇಡ."