ಶಿಲುಬೆಗೆ ಬಟ್ಟೆ ಕಟ್ಟುವವರು

"ಎಡಗಡೆ ಇಳೀತಿದೆ, ಎತ್ತೇ ಬೆರ್ನಾರ್ದಾ!" ಪ್ರಾರ್ಥನೆ ಹೇಳಿಸುವ ಮುದುಕಿ ತೋಮಾಸಾ ಗದರಿದಳು.

ಅನಾಕ್ಲೆತೊನ ಶವಪೆಟ್ಟಿಗೆಗೆ ಹೆಗಲು ಕೊಟ್ಟವರು ನಾಲ್ವರೂ ಹೆಂಗಸರೇ. ಪರಾಗ್ವೆ ಮೂರು ದೇಶಗಳೊಡನೆ ಕಾದಾಡಿ ಸೋತು ಹತ್ತೊಂಬತ್ತು ವರ್ಷವಾಗಿತ್ತು. ಅಂದಿನಿಂದ ಈ ಊರಿನಲ್ಲಿ ಹೆಣ ಹೊರುವುದು ಹೆಂಗಸರ ಕೆಲಸ.

ಬೆರ್ನಾರ್ದಾಳ ಹಿಂದೆಯೇ ಹೆಗಲು ಕೊಟ್ಟಿದ್ದವಳು ಕಾಸಿಯಾನಾ. ಬರುವ ಶನಿವಾರ ಇಬ್ಬರೂ ಬೀಗಿತ್ತಿಯರಾಗಬೇಕು. ಕಾಸಿಯಾನಾಳ ಮಗಳು ಬ್ಲಾಸಿಯಾ, ಬೆರ್ನಾರ್ದಾಳ ಮಗ ಕ್ರಿಸ್ಪಿನ್ ಪೆಟ್ಟಿಗೆಯ ಹಿಂದೆ ಜೊತೆಯಾಗಿ ಬರುತ್ತಿದ್ದರು. ಒಂದು ಎಲೆಯೂ ಅಲುಗದಂಥ ಬಿಸಿಲು.

"ಪಾಪ, ಮಕ್ಕಳಿಲ್ಲದೆ ಹೋದ," ಎಂದಳು ತೋಮಾಸಾ. "ಶಿಲುಬೆಗೆ ಬಟ್ಟೆ ಕಟ್ಟೋರ್ಯಾರು? ಸ್ವಂತ ರಕ್ತ ಕಟ್ಲಿಲ್ಲ ಅಂದ್ರೆ ಸತ್ತೋನು ಮನೆಮನೆ ಬಾಗಿಲು ತಟ್ಕೊಂಡು ತಿರುಗ್ತಾನೆ."

"ನಿನ್ನ ಬಾಗಿಲು ತಟ್ಟಲ್ಲ ಬಿಡಜ್ಜಿ, ಅವನು ಊರಿಗೆ ಬಂದಾಗ್ಲೇ ನಿನಗೆ ವಯಸ್ಸಾಗಿತ್ತು," ಎಂದು ಯಾರೋ ಕಿಸಕ್ಕೆಂದರು. ಉಳಿದವರು ನಗಲಿಲ್ಲ.

*

ಯುದ್ಧದಿಂದ ಈ ಊರಿಗೆ ಮರಳಿದ ಗಂಡಸು ಅನಾಕ್ಲೆತೊ ಒಬ್ಬನೇ. ಕುಂಟುತ್ತ ಬಂದವನು ಒಬ್ಬೊಬ್ಬರ ಮನೆಯ ಮುರಿದ ಬಾಗಿಲನ್ನೂ ಕೂರಿಸಿಕೊಟ್ಟ. ಮಳೆ ಹಿಡಿದರೆ ಅಲ್ಲೇ ಉಳಿದ. ಕಾಸಿಯಾನಾಳ ಮನೆಯಲ್ಲೂ ಒಂದು ತಿಂಗಳು ಉಳಿದ. ಹುಟ್ಟಿದ ಮಗಳಿಗೆ, ನಿಮ್ಮಪ್ಪ ಯುದ್ಧದಲ್ಲಿ ಸತ್ತ ಎಂದೇ ಅವಳು ಹೇಳಿ ಬೆಳೆಸಿದಳು. ಯಾರೂ ತಿಂಗಳ ಲೆಕ್ಕ ಹಾಕಲಿಲ್ಲ; ಎಲ್ಲರ ಮನೆಯಲ್ಲೂ ಅದೇ ಲೆಕ್ಕ.

ಬೆರ್ನಾರ್ದಾ ಮಾತ್ರ ತನ್ನ ಮಗ ಬ್ರೆಜಿಲ್ ಸಿಪಾಯಿಗೆ ಹುಟ್ಟಿದವನೆಂದು ಊರಿಗೆಲ್ಲ ಸಾರಿದ್ದಳು. ಗೆದ್ದ ಶತ್ರುವಿಗೆ ಹುಟ್ಟಿದವನು! ಅಂಥ ಮಾನಗೇಡಿ ಸುಳ್ಳನ್ನು ಯಾವ ಹೆಂಗಸು ತಾನೇ ಹೇಳಿಯಾಳು? ಅದಕ್ಕೇ ಕ್ರಿಸ್ಪಿನ್ ಹೆಣ್ಣು ಕೇಳಿದಾಗ ಕಾಸಿಯಾನಾ ಒಪ್ಪಿದ್ದು. ಇಡೀ ಊರಿನಲ್ಲಿ ತನ್ನ ಮಗಳಿಗೆ ಅಣ್ಣನಾಗಲಾರದ ಹುಡುಗ ಅವನೊಬ್ಬನೇ.

*

ಸ್ಮಶಾನದ ಬೇಲಿಯ ಬಳಿ ಪೆಟ್ಟಿಗೆ ಇಳಿಸಿದಾಗ ಬೆರ್ನಾರ್ದಾ ಬಿಕ್ಕುತ್ತಿದ್ದಳು. ಕಾಸಿಯಾನಾ ಅವಳ ತೋಳು ಹಿಡಿದಳು.

"ಯಾಕೇ ಇಷ್ಟು ಅಳ್ತೀಯ? ಕ್ರಿಸ್ಪಿನ್ ಆ ಸಿಪಾಯಿ ಮಗ ತಾನೆ? ನನ್ನ ಮುಖ ನೋಡಿ ಹೇಳು."

"ಊರೋರ ಕೈಲೆಲ್ಲ ಉಗಿಸ್ಕೊಂಡಿದ್ದು ಸಾಲ್ದಾ? ಮತ್ತೆ ಬಾಯಿಬಿಟ್ಟು ಹೇಳ್ಬೇಕಾ?" ಎಂದಳು ಅವಳು. ಮುಖ ಮಾತ್ರ ನೋಡಲಿಲ್ಲ.

ಗುಂಡಿ ಮುಚ್ಚಿ ಶಿಲುಬೆ ನೆಟ್ಟರು. ತೋಮಾಸಾ ಕಸೂತಿಯ ಬಿಳಿ ಬಟ್ಟೆ ಎತ್ತಿ ಹಿಡಿದಳು.

"ಇವನ ರಕ್ತದೋರು ಯಾರಾದ್ರೂ ಇದ್ರೆ ಬನ್ನಿ."

ಒಂದು ಸಲ ಕೂಗಿದಳು, ಎರಡು ಸಲ ಕೂಗಿದಳು. ತಾಯಂದಿರೆಲ್ಲ ನೆಲ ನೋಡುತ್ತ ನಿಂತರು. ಕಾಸಿಯಾನಾ ಮಗಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ದೇವರೇ, ಇನ್ನೊಂದೇ ಕೂಗು, ಮುಗಿದುಹೋಗಲಿ.

ಮೂರನೆಯ ಕೂಗಿಗೆ ಬೆರ್ನಾರ್ದಾ ಕುಸಿದು ಕೂತಳು.

"ಹೋಗೋ ಮಗನೇ, ಹೋಗಿ ಕಟ್ಟು. ಅವನು ಬಾಗಿಲಿಗೆ ಬಂದು ನಿಂತ್ರೆ ನಾನೇನಂತ ಹೇಳ್ಲೋ?" ಆಮೇಲೆ ತಲೆಯೆತ್ತದೆಯೇ ಕಾಸಿಯಾನಾಳಿಗೆ ಹೇಳಿದಳು: "ಬ್ರೆಜಿಲ್ ಸಿಪಾಯಿ ಮಗು ಅಂದ್ರೆ ಅವರ ದಂಡಿನೋರು ಹಿಟ್ಟು ಕೊಡ್ತಿದ್ರು ಕಣೇ. ಹಸಿವು ಕಣೇ ಆಗ."

ಕ್ರಿಸ್ಪಿನ್ ತಾಯಿಯನ್ನೊಮ್ಮೆ, ಬ್ಲಾಸಿಯಾಳನ್ನೊಮ್ಮೆ ನೋಡಿದ. ಹೋಗಿ ಬಟ್ಟೆಯ ಒಂದು ತುದಿ ಹಿಡಿದು ನಿಂತ.

"ಅವ್ವಾ, ಕ್ರಿಸ್ಪಿನ್ ಯಾಕೆ ಹೋದ?" ಎಂದಳು ಬ್ಲಾಸಿಯಾ.

ಕಾಸಿಯಾನಾ ಹಿಡಿದಿದ್ದ ಕೈ ಬಿಟ್ಟಳು. ಮಗಳ ಬೆನ್ನಿಗೆ ಅಂಗೈಯಿಟ್ಟು, ಶಿಲುಬೆಯ ಕಡೆಗೆ ಮೆಲ್ಲಗೆ ತಳ್ಳಿದಳು.