ಕಲ್ಲುಹೂವಿನ ಘಮ

ಉಡಿಯಲ್ಲಿದ್ದ ಕಲ್ಲುಹೂವಿಗೆ ನೀರು ಚಿಮುಕಿಸಿದ್ದೇ ತಡ, ಬೂದಿಬಣ್ಣದ ಸಿಪ್ಪೆಯೆಲ್ಲ ಹಸಿರಾಯಿತು, ಎದ್ದಳು ನೋಡು ಒಳಗಿನಾಕಿ, ಎಂದು ಭೀಮವ್ವನಿಗೆ ನಗು ಬಂತು, ಇದು ಗೋಡೆಯಾಚೆಯ ಮದೀನಾಬಿಯ ಮಾತೇ, ಒಂದು ಕಲ್ಲುಹೂವಿನ್ಯಾಗ ಇಬ್ಬರು ಇರ್ತಾರ ಭೀಮವ್ವಾ, ಬೂದಿಬಣ್ಣದಾಂವ ಕಲ್ಲು ಗಟ್ಟಿ ಹಿಡಕೊಂಡು ಕುಂತಾನ, ಹಸಿರಾಕಿ ಒಳಗ ಬಿಸಲಿನಾಗ ಅಡಗಿ ಮಾಡಿ ಹಾಕ್ತಾಳ, ಒಬ್ಬರನ್ನ ಬಿಟ್ಟು ಒಬ್ಬರಿಲ್ಲ — ಹುಚ್ಚಿ, ಯಾರು ಹೇಳಿದರೋ ಇವಳಿಗೆ, ಆದರೂ ಶಹಾಪುರದ ಗುಡ್ಡದಲ್ಲಿ ಹೂ ಬಿಡಿಸುವಾಗೆಲ್ಲ ಭೀಮವ್ವ ಯಾರದೋ ಸಂಸಾರ ಒಡೆದಂತೆನಿಸಿ ಅರ್ಧ ಕಲ್ಲಿಗೇ ಬಿಟ್ಟು ಬರುತ್ತಾಳೆ, ಬಿಡಿಸುವುದು ತಾನು, ಹುರಿದು ಮಸಾಲೆ ಮಾಡುವುದು ಅವಳು, ಎಂಥಾ ಮೂಗು ಅವಳದು, ಹದ ಬಂತೆಂದರೆ ನತ್ತಿನ ಹೊಳ್ಳೆ ಅರಳುತ್ತಿತ್ತು, ಇಳಸು ಇಳಸು ಎನ್ನುತ್ತಿದ್ದಳು — ಹೋದ ತಿಂಗಳು ಆ ಹಾಳು ಜ್ವರ ಮೂಗಿನ ವಾಸನೆಯನ್ನೇ ಒಯ್ದಿತು, ಮಸಾಲೆ ಸೀದು ಕರಕಲಾದರೂ ಅವಳಿಗೆ ಗೊತ್ತಾಗಲಿಲ್ಲ, ನಿಜಾಮ ಸರಕಾರದ ತಹಶೀಲ್ದಾರರ ಅಡಿಗೆಯ ಬಾವರ್ಚಿ ಪುಡಿಯನ್ನೆಲ್ಲ ಅಂಗಳಕ್ಕೆ ಸುರಿದು ಹೋದ, ಅವನ ಬಾಯಿಗೆ ಮಣ್ಣು ಹಾಕ, ಮದೀನಾಬಿ ಅಳಲೂ ಇಲ್ಲ, ಈ ಹೊತ್ತು ಮುಂಜಾನೆ ಬಂದು, ಇವತ್ತೂ ಘಮ ಬರಲಿಲ್ಲಂದ್ರ ಗುರುಮಠಕಲ್ಲಿಗೆ ತಂಗಿ ಮನಿಗೆ ಹೋಗಿಬಿಡ್ತೀನಿ, ಖುದಾನ ಆಣಿ, ಎಂದಳು. ಹೋಗ್ತಾಳಂತೆ, ಕಾಲು ಮುರಿದು ಕೂಡಿಸುತ್ತೇನೆ.

ಬಾಣಲೆಯಲ್ಲಿ ಕುಸುಬಿ ಎಣ್ಣೆ ಕಾದಿದೆ, ಎದುರಿಗೆ ಮದೀನಾಬಿ ಕಣ್ಣು ಗಟ್ಟಿಯಾಗಿ ಮುಚ್ಚಿ ಕೂತಿದ್ದಾಳೆ, ಹಾಕಿದೇನ ಭೀಮವ್ವಾ ಅಂತಾಳೆ, ತಡಿಯವ್ವಾ ನಮ್ಮವ್ವಾ, ಹಸಿ ಕಲ್ಲುಹೂವು ಮುಷ್ಟಿಯಲ್ಲಿದೆ, ಕೈ ಮುಂದಕ್ಕೆ ಹೋಗದು, ಹಾಕಿದರೆ ಇವತ್ತೇ ತೀರ್ಮಾನ, ಘಮ ಬರದಿದ್ದರೆ ನಾಳೆಯಿಂದ ಯಾರ ಜೊತೆ ಜಗಳ, ಯಾರ ಜೊತೆ ಚಹಾ, ಮಲ್ಲಯ್ಯಾ, ಅಕಿ ಮೂಗು ಅಕಿಗೆ ಕೊಟ್ಟುಬಿಡೋ ತಂದಿ — ಮುಷ್ಟಿ ಬಿಗಿದು ಎರಡು ಹನಿ ಎಣ್ಣೆಗೆ ಬಿದ್ದವು, ಚುಂಯ್ ಎಂದಿತು, ಬರೀ ನೀರು, ಹೂವಿನ್ನೂ ಕೈಯಲ್ಲೇ ಇದೆ, ಅಷ್ಟರಲ್ಲೇ ಮದೀನಾಬಿ ಆಳವಾಗಿ ಉಸಿರೆಳೆದಳು, ನತ್ತಿನ ಹೊಳ್ಳೆ ಅರಳಿತು, ಬಂತು ಭೀಮವ್ವಾ, ಮೊದಲಿನಂಗ ಘಮ್ಮಂತ ಬಂತು, ನಾ ಎಲ್ಲಿಗೂ ಹೋಗಂಗಿಲ್ಲ — ಅಯ್ಯ ಸುಳ್ಳಬುರುಕಿ, ಅಯ್ಯ ನನ್ನ ಬಂಗಾರ, ಖುದಾನ ಆಣಿಯನ್ನೂ ಮುರಿದೆಯಲ್ಲ ನನ್ನ ಸಲುವಾಗಿ, ಹೌದಬೇ, ಓಣಿ ತುಂಬ ಬಂದದ, ಎಂದಳು ಭೀಮವ್ವ, ಇನ್ನು ಮೇಲೆ ಹದ ನೋಡಿ ಇಳಸು ಎನ್ನುವವಳು ತಾನೇ, ಈಗ ಹಾಕಬೇಕು, ಅವಳು ಕಣ್ಣು ತೆರೆಯುವ ಮೊದಲು ಹಾಕಬೇಕು, ಕೈ ಏಳದು, ಬರೀ ಎಣ್ಣೆಯ ಮೇಲೆ ಬಗ್ಗಿದ ಆ ಮುಖ, ಮುಚ್ಚಿದ ಕಣ್ಣು, ಅರಳಿದ ಹೊಳ್ಳೆ, ನಡುಗುವ ನತ್ತು, ಅಳು ನುಂಗಿ ನಡುಗುವ ಆ ನತ್ತು —