ಷಡ್ಡಕನ ಕಂಪನಿ

ಚಿಕ್ಕಳಿಯ ಗೃಹಸಾಲ ಕಂಪನಿಯ ಎಂ.ಡಿ. ಆದ ಸುದ್ದಿ ಬಂದ ದಿನ ದೊಡ್ಡಳಿಯನಿಗೆ ಊಟ ಸೇರಲಿಲ್ಲ. ಹೆಂಡತಿ ಕೇಳಿದ್ದಕ್ಕೆ ಹೊಟ್ಟೆ ಸರಿಯಿಲ್ಲ ಎಂದ. ಅದು ಸುಳ್ಳೂ ಅಲ್ಲ.

ಇಬ್ಬರೂ ಅಕ್ಕತಂಗಿಯರನ್ನು ಮದುವೆಯಾದವರು. ದೊಡ್ಡಳಿಯ ಹದಿನೈದು ವರ್ಷದಿಂದ ಒಂದು ಸಣ್ಣ ಹೂಡಿಕೆ ಸಲಹಾ ಸಂಸ್ಥೆಯಲ್ಲಿದ್ದ. ಯಾವ ಕಂಪನಿಯ ಶೇರು ಕೊಳ್ಳಬಹುದು, ಯಾವುದರ ಹತ್ತಿರ ಸುಳಿಯಬಾರದು, ಅದನ್ನು ನಡೆಸುವವರು ಎಂಥವರು ಎಂದು ನೋಡಿ ಹೇಳುವುದು ಅವನ ಕೆಲಸ. ಎಷ್ಟೋ ಎಂ.ಡಿ.ಗಳನ್ನು ಕೂತಲ್ಲೇ ತೂಗಿದ್ದ. ತಾನು ಮಾತ್ರ ಅದೇ ಮೇಜು, ಅದೇ ಕಾಲು ಅಲ್ಲಾಡುವ ಕುರ್ಚಿ. ಅಷ್ಟೇ ವರ್ಷಗಳಲ್ಲಿ ಚಿಕ್ಕಳಿಯ ಇನ್ನೊಂದು ಸಾಲದ ಕಂಪನಿಯ ಬ್ರಾಂಚಿನಲ್ಲಿ ಗುಮಾಸ್ತನಾಗಿ ಸೇರಿ ಮೇಲೇರಿದ, ಈಗ ಈ ಕಂಪನಿ ಕರೆದು ಕೂರಿಸಿತ್ತು. ದುಡಿದು ಏರಿದ, ಅದೇ ಸಂಕಟ. ಯಾರದೋ ಕಾಲು ಹಿಡಿದು ಏರಿದ್ದರೆ ಬಯ್ಯುವುದಕ್ಕೆ ಒಂದು ದಾರಿಯಾದರೂ ಇರುತ್ತಿತ್ತು.

ಮಾವನ ಮನೆಯ ಹಾಲಿನಲ್ಲಿ ಕೈಯಿರುವ ಕುರ್ಚಿ ಒಂದೇ ಒಂದು. ಅದು ಮೊದಲಿನಿಂದ ದೊಡ್ಡಳಿಯನದು. ಈಗೀಗ ಅವನು ಹೋದಾಗ ಅದರ ಮೇಲೆ ಚಿಕ್ಕಳಿಯನ ಲ್ಯಾಪ್‌ಟಾಪ್ ಚೀಲ ಇರುತ್ತಿತ್ತು. ಇವನನ್ನು ಕಂಡ ಕೂಡಲೇ ಚಿಕ್ಕಳಿಯ ಎದ್ದು ಚೀಲ ತೆಗೆದು, "ಕೂತ್ಕೊಳ್ಳಿ ಭಾವ" ಅನ್ನುತ್ತಿದ್ದ. ತೆಗೆಯದೇ ಇದ್ದಿದ್ದರೆ ದೊಡ್ಡಳಿಯನಿಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು.

ಮಾವ ಪ್ರಿಂಟಿಂಗ್ ಪ್ರೆಸ್ಸು ಮಾರಿ ಮನೆಯಲ್ಲಿ ಕೂತಿದ್ದರು. ಹೆಣ್ಣುಮಕ್ಕಳಿಬ್ಬರೂ ಹುಟ್ಟಿ ಬೆಳೆದದ್ದು ಆ ಬಾಡಿಗೆ ಮನೆಯಲ್ಲೇ. ಮೂರು ವರ್ಷ ಬಿಟ್ಟು ಮನೆ ಮಾರುತ್ತೇನೆ, ಮೊದಲು ನಿಮ್ಮನ್ನೇ ಕೇಳುತ್ತೇನೆ ಎಂದು ಮಾಲೀಕ ಹೇಳಿದ್ದ. ಪ್ರೆಸ್ಸಿನ ದುಡ್ಡು ಮನೆಯ ಬೆಲೆಯ ಮುಕ್ಕಾಲು ಭಾಗಕ್ಕೆ ಬರುತ್ತಿತ್ತು. ಉಳಿದ ಕಾಲು ಭಾಗ ಎಲ್ಲಿಂದ ತರುವುದು ಎಂಬುದೇ ಅತ್ತೆ ಮಾವನ ದಿನದ ಮಾತು.

"ಈ ವಯಸ್ಸಿಗೆ ನಂಗೆ ಯಾವನೂ ಮನೆ ಸಾಲ ಕೊಡಲ್ಲ" ಎಂದರು ಮಾವ ಒಂದು ಭಾನುವಾರ, ಇಬ್ಬರು ಅಳಿಯಂದಿರೂ ಇದ್ದಾಗ. "ಅದಕ್ಕೇ ಸಾಲ ಕೊಡೋರಿಗೇ ನಾನು ದುಡ್ಡು ಕೊಡೋಣ ಅಂತಿದೀನಿ. ಚಿಕ್ಕಳಿಯಂದಿರ ಕಂಪನಿ ಶೇರು ತಗೊಂಡ್ರೆ ಹೇಗೆ?"

ಚಿಕ್ಕಳಿಯ ತಲೆಯೆತ್ತಲಿಲ್ಲ. "ಅದನ್ನ ನನ್ನ ಕೇಳ್ಬೇಡಿ ಮಾವ. ಕಂಪನಿ ಮಾತು ನಾನು ಮನೇಲಿ ಆಡೋ ಹಾಗಿಲ್ಲ."

"ಸರಿ, ದೊಡ್ಡಳಿಯಂದಿರು ಇರೋದು ಯಾಕೆ ಮತ್ತೆ? ನೀವೇ ನೋಡಿ ಹೇಳಿ. ನೀವು ಹೂಂ ಅಂದ್ರೆ ಅರ್ಧ ದುಡ್ಡು ಹಾಕ್ತೀನಿ. ಊಹೂಂ ಅಂದ್ರೆ ಬ್ಯಾಂಕಲ್ಲೇ ಬಿದ್ದಿರ್ಲಿ."

ಬಹಳ ದಿನಗಳ ಮೇಲೆ ದೊಡ್ಡಳಿಯ ಆ ಕುರ್ಚಿಗೆ ಬೆನ್ನು ಒರಗಿಸಿ ಕೂತ.

ಮನೆಗೆ ಹೋಗುವಾಗ ಬಸ್ಸಿನಲ್ಲಿ ಹೆಂಡತಿ ಕೇಳಿದಳು. "ರೀ, ಚೆನ್ನಾಗಿದ್ರೆ ಚೆನ್ನಾಗಿದೆ ಅಂತ ಹೇಳ್ತೀರ ತಾನೇ?"

"ಅಂದ್ರೆ?"

"ಏನಿಲ್ಲ. ಕೇಳ್ದೆ ಅಷ್ಟೆ."

ಅವನು ಕೆಲಸ ಶುರುಮಾಡಿದ. ಕಂಪನಿಯ ವಾರ್ಷಿಕ ಸಭೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತ. ಮುಖ್ಯಸ್ಥನನ್ನು ಅಳೆಯಲು ಅವನ ಮಾತು ಕೇಳಿ ಪ್ರಯೋಜನವಿಲ್ಲ, ಅವನ ಕೈಕೆಳಗಿನವರು ಬಾಯಿ ತೆರೆಯುವ ಮುಂಚೆ ಯಾರ ಮುಖ ನೋಡುತ್ತಾರೆ ಎಂದು ನೋಡಬೇಕು ಎಂಬುದು ಅವನ ಲೆಕ್ಕ. ಹೆದರಿದವರು ಯಜಮಾನನ ಮುಖ ನೋಡಿಯೇ ಮಾತಾಡುವುದು. ಇಲ್ಲಿ ಹಣಕಾಸು ನೋಡಿಕೊಳ್ಳುವ ಹೆಂಗಸು ಯಾರ ಮುಖವನ್ನೂ ನೋಡಲಿಲ್ಲ. ಅಷ್ಟು ಸಾಲದು ಎಂಬಂತೆ, ಎಂ.ಡಿ. ಹೇಳಿದ ಒಂದು ಅಂಕಿ ತಪ್ಪು ಎಂದು ತುಂಬಿದ ಸಭೆಯಲ್ಲಿ ತಿದ್ದಿದಳು. ಚಿಕ್ಕಳಿಯ ನಕ್ಕು, "ಅವರು ಹೇಳಿದ್ದೇ ಸರಿ, ಅದನ್ನೇ ಬರ್ಕೊಳ್ಳಿ" ಎಂದ. ಸಭೆಯೂ ನಕ್ಕಿತು. ದೊಡ್ಡಳಿಯನ ಬಾಸು ಹದಿನೈದು ವರ್ಷದಲ್ಲಿ ಒಮ್ಮೆಯೂ ಅವನ ಬಗ್ಗೆ ಹಾಗೆ ಹೇಳಿದ್ದಿಲ್ಲ. ಸಭೆಯಲ್ಲಿ ಕೊಟ್ಟ ಚಹಾ ಕೂಡ ಬಿಸಿಯಾಗಿತ್ತು. ಅದೂ ಅವನಿಗೆ ಸಹಿಸಲಾಗಲಿಲ್ಲ.

ಲೆಕ್ಕಪತ್ರಗಳಲ್ಲೂ ಹುಳುಕು ಸಿಗಲಿಲ್ಲ. ಬಂಡವಾಳ ಸಾಕಷ್ಟಿತ್ತು. ಕೊಟ್ಟ ಸಾಲ ನೂರಕ್ಕೆ ತೊಂಬತ್ತೊಂಬತ್ತು ಸರಿಯಾಗಿ ವಾಪಸು ಬರುತ್ತಿತ್ತು. ಇಷ್ಟು ಚೆಂದದ ಲೆಕ್ಕ ಒಳ್ಳೆಯ ಕಂಪನಿಯಲ್ಲಿರುತ್ತದೆ, ಇಲ್ಲವೇ ಕಳ್ಳ ಕಂಪನಿಯಲ್ಲಿ. ಎರಡನೆಯದೇ ಆಗಿರಲಿ ಎಂದು ಅವನು ಹಗಲಿಡೀ ಹುಡುಕಿದ. ಒಂದು ಸಿಕ್ಕಿತು: ಊರಾಚೆಯ ಒಂದೇ ಅಪಾರ್ಟ್‌ಮೆಂಟಿಗೆ ಕಂಪನಿ ಕೊಟ್ಟ ಸಾಲ ಸ್ವಲ್ಪ ಅತಿಯಾಗಿತ್ತು.

ಮುಂದಿನ ಭಾನುವಾರ ಎರಡು ಬಸ್ಸು ಬದಲಾಯಿಸಿ ಅಲ್ಲಿಗೆ ಹೋದ. ಮೂರು ಬ್ಲಾಕು. ಮೊದಲನೆಯದರಲ್ಲಿ ಬಾಲ್ಕನಿ ತುಂಬ ಒಣಹಾಕಿದ ಬಟ್ಟೆ. ಎರಡನೆಯದರಲ್ಲೂ ಅಷ್ಟೇ: ಮಕ್ಕಳ ಯೂನಿಫಾರ್ಮು, ಲುಂಗಿ, ಟವೆಲ್ಲು. ಮೂರನೆಯ ಬ್ಲಾಕಿನಲ್ಲಿ ಕೆಳಗಿನಿಂದ ಮೇಲಿನವರೆಗೆ ಒಂದು ಕರವಸ್ತ್ರವೂ ಇಲ್ಲ. ಮೆಟ್ಟಿಲ ಕೆಳಗಿನ ಮೀಟರು ಪೆಟ್ಟಿಗೆ ನೋಡಿದ. ಅಷ್ಟೂ ಸತ್ತಿದ್ದವು. ಕಂಪನಿಯ ಲೆಕ್ಕದ ಪ್ರಕಾರ ಈ ಬ್ಲಾಕಿನ ಪ್ರತಿ ಮನೆಗೂ ಒಬ್ಬ ಸಾಲಗಾರನಿದ್ದಾನೆ, ಪ್ರತಿ ತಿಂಗಳೂ ಕಂತು ಕಟ್ಟುತ್ತಿದ್ದಾನೆ. ಅವನಿಗೆ ಅರ್ಥವಾಯಿತು. ಬಿಲ್ಡರ್ ಯಾರ್ಯಾರದೋ ಹೆಸರಿನಲ್ಲಿ ಸಾಲ ಎತ್ತಿ ತಾನೇ ಕಂತು ಕಟ್ಟಿಕೊಂಡು ಬರುತ್ತಿದ್ದಾನೆ. ಅವನ ಕೈ ಬರಿದಾದ ದಿನ ಇಡೀ ಬ್ಲಾಕು ಒಂದೇ ಸಲ ಮುಳುಗುತ್ತದೆ.

ದೊಡ್ಡಳಿಯನಿಗೆ ಎದೆ ತಂಪಾಯಿತು. ಬರುವಾಗ ಬಸ್ಸಿನಲ್ಲಿ ಸೀಟು ಸಿಗದಿದ್ದರೂ ಬೇಜಾರಾಗಲಿಲ್ಲ.

ಆ ಸಾಲಗಳು ಚಿಕ್ಕಳಿಯ ಬರುವ ಮುಂಚೆಯೇ ಕೊಟ್ಟಂಥವು. ತಾರೀಖು ಕಣ್ಣಿಗೆ ಬಿದ್ದಿತ್ತು. ಅದನ್ನು ಅವನು ಕಣ್ಣಿನಿಂದ ಬಾಯಿಗೆ ಇಳಿಸಲಿಲ್ಲ.

ಮಾವನ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಾಗ ಹೇಳಿದ, ನಿಧಾನವಾಗಿ, ಒಂದೊಂದಾಗಿ. ಮಾವನ ಕೈ ತಟ್ಟೆಯಲ್ಲೇ ನಿಂತಿತು.

"ಭಾನುವಾರ ಬೇರೆ ಕೆಲಸ ಇರ್ಲಿಲ್ವಾ ಭಾವ?" ಎಂದಳು ನಾದಿನಿ. "ಕಂಡೋರ ಮನೆ ಬಟ್ಟೆ ಎಣಿಸೋಕೆ ಹೋಗಿದ್ರಾ?"

"ಎಣಿಸೋಕೆ ಬಟ್ಟೆ ಇದ್ದಿದ್ರೆ ಎಣಿಸ್ತಿದ್ದೆ ಕಣಮ್ಮ."

ಮಾವ ಚಿಕ್ಕಳಿಯನ ಕಡೆ ತಿರುಗಿದರು. "ಏನಪ್ಪಾ, ನಿಜಾನಾ?"

ಚಿಕ್ಕಳಿಯ ಅತ್ತೆಯ ಲೋಟಕ್ಕೆ ನೀರು ಬಗ್ಗಿಸುತ್ತಿದ್ದ. ತುಂಬಿದ ಮೇಲೆ ಜಗ್ಗು ಇಟ್ಟ. "ಕಂಪನಿ ಮಾತು ಮನೇಲಿ ಆಡೋ ಹಾಗಿಲ್ಲ ಮಾವ. ನಿಮ್ಗೆ ಆಗ್ಲೇ ಹೇಳಿದ್ನಲ್ಲ."

"ಇಲ್ಲ ಅನ್ನೋಕೂ ಆಗಲ್ವೇನ್ರೀ ನಿಮ್ಗೆ?" ಎಂದಳು ಅವನ ಹೆಂಡತಿ. ಅವಳ ಕಣ್ಣು ತುಂಬಿತ್ತು. ಅವನು ಊಟ ಮುಗಿಸಿ, ತಟ್ಟೆ ತಾನೇ ತೊಳೆದಿಟ್ಟು, ಹೆಂಡತಿಯನ್ನು ಕರೆದುಕೊಂಡು ಹೊರಟ. ಮಾವ ದುಡ್ಡು ಹಾಕಲಿಲ್ಲ.

ಮೂರು ತಿಂಗಳಾದ ಮೇಲೆ ಕಂಪನಿ ಲೆಕ್ಕ ಹೊರಗೆ ಹಾಕಿತು. ಯಾರೂ ಕೇಳುವ ಮುಂಚೆ ಚಿಕ್ಕಳಿಯನೇ ಮೂರನೇ ಬ್ಲಾಕಿನ ಅಷ್ಟೂ ಸಾಲವನ್ನು ಕೆಟ್ಟ ಸಾಲವೆಂದು ಬರೆಸಿ, ಆ ವರ್ಷದ ಲಾಭವನ್ನೆಲ್ಲ ಅದಕ್ಕೆ ಸುರಿದಿದ್ದ. ಮಂಜೂರು ಮಾಡಿದ ಅಧಿಕಾರಿಯನ್ನು ಮನೆಗೆ ಕಳಿಸಿದ್ದ. ಸಾಲ ಯಾರ ಕಾಲದ್ದು ಎಂದು ವರದಿಗಾರನೊಬ್ಬ ಕೇಳಿದ್ದಕ್ಕೆ, "ಯಾರ ಕಾಲದ್ದಾದ್ರೂ ಕಂಪನಿದೇ ತಾನೇ" ಎಂದಿದ್ದ. ಶೇರು ವಾರದಲ್ಲಿ ಅರ್ಧಕ್ಕಿಳಿಯಿತು.

ಮಾವ ಫೋನು ಮಾಡಿದರು. "ಅಳಿಯಂದ್ರೇ, ನೀವು ಇಲ್ದಿದ್ರೆ ನಾನು ಬೀದಿಗೆ ಬೀಳ್ತಿದ್ದೆ." ಆ ಮಾತನ್ನು ದೊಡ್ಡಳಿಯ ಹೆಂಡತಿಗೆ ಎರಡು ಸಲ ಹೇಳಿದ.

ಆಫೀಸಿನಲ್ಲಿ ಬಾಸು ಕೇಳಿದ. "ಆ ಗೃಹಸಾಲದ ಕಂಪನಿ ಅಗ್ಗ ಆಗಿದೆಯಲ್ಲ. ನೋಡ್ತೀಯಾ? ನಿನ್ನ ಷಡ್ಡಕಂದು ಅಲ್ವಾ ಅದು? ಸಂಬಂಧ ಇದೆ ಅಂತ ಕೆಳಗೆ ಒಂದು ಸಾಲು ಬರ್ದುಬಿಡು, ಸಾಕು."

ಸಂಬಂಧವಿದ್ದರೆ ತಿಳಿಸಬೇಕೆಂಬ ನಿಯಮವಿದೆ. ಹೊಟ್ಟೆಕಿಚ್ಚಿದ್ದರೆ ತಿಳಿಸಬೇಕೆಂಬ ನಿಯಮವನ್ನು ಇನ್ನೂ ಯಾರೂ ಮಾಡಿಲ್ಲ.

ಅವನು ನೋಡಿದ. ಬಂಡವಾಳ ಏಟು ತಾಳಿಕೊಂಡಿತ್ತು. ಆ ಕಂಪನಿಗೆ ಸಾಲ ಕೊಡುವ ಬ್ಯಾಂಕುಗಳು ಬಡ್ಡಿ ಏರಿಸದೆ ಮತ್ತೆ ಸಾಲ ಕೊಟ್ಟಿದ್ದವು. ಅವು ಹೆದರಿಲ್ಲವೆಂದರೆ ಬೇರೆಯವರು ಹೆದರಬೇಕಾಗಿಲ್ಲ. ತನ್ನ ಕುರ್ಚಿಗೆ ಬೆಂಕಿ ಬೀಳುತ್ತದೆಂದು ಗೊತ್ತಿದ್ದೂ ಕೆಟ್ಟದ್ದನ್ನು ತಾನೇ ಎತ್ತಿ ತೋರಿಸುವ ಎಂ.ಡಿ.ಯನ್ನು ಅವನು ಈ ಹದಿನೈದು ವರ್ಷದಲ್ಲಿ ನೋಡಿರಲಿಲ್ಲ. ಆಫೀಸಿನಲ್ಲಿ ಸುಳ್ಳು ಬರೆದರೆ ಕೆಲಸ ಹೋಗುತ್ತದೆ. ಇದ್ದದ್ದನ್ನೇ ಬರೆದ: ನಾಯಕತ್ವ ನಂಬಿಕೆಗೆ ಅರ್ಹ, ಈ ಬೆಲೆಗೆ ಕೊಳ್ಳಬಹುದು, ಎರಡು ಮೂರು ವರ್ಷ ಇಟ್ಟುಕೊಳ್ಳಿ. ಕೆಳಗೆ ಸಂಬಂಧದ ಸಾಲು. ರಿಪೋರ್ಟು ಸಂಸ್ಥೆಯ ಗ್ರಾಹಕರಿಗೆ ಹೋಯಿತು. ವಾಡಿಕೆಯಂತೆ ಒಂದು ಪ್ರತಿ ಆ ಕಂಪನಿಗೂ ಹೋಯಿತು.

ಅದೇ ವಾರ ಮನೆಗೆ ಹೋದಾಗ ಮಾವ ಕೇಳಿದರು. "ಅರ್ಧ ಬೆಲೆಗೆ ಬಂದಿದೆಯಂತಲ್ಲ. ಈಗ ಏನಂತೀರಿ? ಈಗ ಹಾಕಿದ್ರೆ ಮನೆ ದುಡ್ಡು ಆಗುತ್ತಾ?"

ಹೂಂ ಅನ್ನುವುದು ಒಂದು ಕ್ಷಣದ ಕೆಲಸ. ಹೂಂ ಅಂದರೆ ಇವರಿಗೆ ಮನೆ ಸಿಗುತ್ತದೆ. ಆಮೇಲೆ ಜೀವಮಾನವಿಡೀ ಆ ಮನೆಯಲ್ಲಿ ಕೂತು, ಚಿಕ್ಕಳಿಯಂದಿರ ಕಂಪನಿಯಿಂದ ಬಂದ ಮನೆ ಅನ್ನುವ ಮಾತು ಕೇಳಬೇಕು. ದೊಡ್ಡಳಿಯ ಕುರ್ಚಿಯ ಕೈ ಸವರಿದ.

"ಒಂದ್ಸಲ ಮುಳುಗಿದ ಹಡಗು ಮಾವ. ಸುಮ್ನೆ ಯಾಕೆ ಹತ್ತೋದು?"

"ಸರಿ ಬಿಡಿ. ನಿಮ್ಮ ಮಾತು ಮೀರಲ್ಲ."

ಮೂರು ವರ್ಷ ಮುಗಿಯುವ ಹೊತ್ತಿಗೆ ಶೇರು ಮೂರು ಪಟ್ಟಾಗಿತ್ತು. ದೊಡ್ಡಳಿಯನ ಗ್ರಾಹಕರು ಖುಷಿಪಟ್ಟರು, ಬಾಸು ಹೊಸ ಕುರ್ಚಿ ಕೊಡಿಸಿದ. ಮಾವನ ದುಡ್ಡು ಬ್ಯಾಂಕಿನಲ್ಲಿ ಒಂದಿಷ್ಟು ಬೆಳೆದಿತ್ತು, ಮನೆಯ ಬೆಲೆ ಅದಕ್ಕಿಂತ ಬೇಗ ಬೆಳೆದಿತ್ತು. ಕಡಿಮೆ ಬಿದ್ದ ದುಡ್ಡು ತಾನು ಕೊಡುತ್ತೇನೆಂದು ಚಿಕ್ಕಳಿಯ ಬಂದ. ಅಳಿಯನ ದುಡ್ಡಿನಲ್ಲಿ ಮನೆ ಕೊಳ್ಳುವುದಿಲ್ಲವೆಂದು ಮಾವ ಹಟ ಹಿಡಿದರು. ಮಾಲೀಕ ಬೇರೆಯವರಿಗೆ ಮಾರಿದ.

ಮನೆ ಖಾಲಿ ಮಾಡುವ ದಿನ ಅಳಿಯಂದಿರಿಬ್ಬರೂ ಅತ್ತೆಯ ಕಬ್ಬಿಣದ ಬೀರು ಹೊತ್ತು ಮೆಟ್ಟಿಲಿಳಿಯುತ್ತಿದ್ದರು. ಮೇಲೆ ಚಿಕ್ಕಳಿಯ, ಕೆಳಗೆ ದೊಡ್ಡಳಿಯ. ಒಳಗೆ ಅತ್ತೆ ಖಾಲಿ ಅಡುಗೆಮನೆಯ ಗೋಡೆ ಒರೆಸುತ್ತಿದ್ದರು, ಇನ್ನು ಯಾರಿಗಾಗಿ ಎಂದು ಯಾರೂ ಕೇಳಲಿಲ್ಲ. ತಿರುವಿನಲ್ಲಿ ಉಸಿರು ತಿರುಗಿಸಿಕೊಳ್ಳಲು ನಿಂತರು.

"ಭಾವ, ಆವತ್ತು ನೀವು ಬರ್ದ ರಿಪೋರ್ಟು ಓದಿದ್ದೆ" ಎಂದ ಚಿಕ್ಕಳಿಯ, ಮೇಲಿನಿಂದ, ಮೆಲ್ಲಗೆ. "ಆ ಹೊತ್ತಲ್ಲಿ ಅಷ್ಟು ಚೆನ್ನಾಗಿ ಯಾರೂ ಬರೀಲಿಲ್ಲ. ನಮ್ಮ ಬೋರ್ಡಲ್ಲಿ ಓದಿಸ್ದೆ."

ದೊಡ್ಡಳಿಯನ ಕೈಯಿಂದ ಬೀರು ಒಂದಿಷ್ಟು ಜಾರಿ ಮೊಣಕಾಲಿಗೆ ತಾಗಿತು.

"ಮಾವಂಗೆ..." ಎಂದ.

"ಕಂಪನಿ ಮಾತು ನಾನು ಮನೇಲಿ ಆಡಲ್ಲ ಭಾವ." ಅವನ ಮುಖದಲ್ಲಿ ನಗುವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. "ಸ್ವಲ್ಪ ಎಡಕ್ಕೆ ತಿರುಗಿಸಿ, ಗೋಡೆಗೆ ತಾಗುತ್ತೆ."

ಮೇಲಿಂದ ಮಾವ ಇಣುಕಿದರು. ಕಂಕುಳಲ್ಲಿ ಗೋಡೆ ಗಡಿಯಾರ. "ಹುಷಾರು ಚಿಕ್ಕಳಿಯಂದ್ರೇ. ದೊಡ್ಡಳಿಯಂದಿರು ಹೇಳ್ದ ಹಾಗೆ ಮಾಡಿ. ಅವ್ರ ಮಾತು ಕೇಳಿ ಕೆಟ್ಟೋರಿಲ್ಲ."

"ಹೂಂ ಮಾವ" ಎಂದ ಚಿಕ್ಕಳಿಯ. ಬೀರಿನ ಭಾರವೆಲ್ಲ ಕೆಳಗಿದ್ದವನ ಮೇಲಿತ್ತು.